ಕಿಟ್ಟೆಲ್ ಸಾಹೇಬರ ಜಿಲ್ಲೆಯಲ್ಲಿ ಗುಡ್ಡವೇ ಇಲ್ಲ

ಹೋದ ಸಂಚಿಕೆಯಲ್ಲಿ ಯಾವುದೋ ಪದದ ಅರ್ಥ ಹೇಳುವಾಗ ಕಿಟ್ಟೆಲ್ ನಿಘಂಟಿನ ಹೆಸರು ಎತ್ತಿದ್ದೆ, ಜರ್ಮನ್ ಪಾದ್ರಿ ಫರ್ಡಿನೆಂಡ್ ಕಿಟ್ಟೆಲ್ ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು, ಅಷ್ಟೇ. ಪದದ ಬಗ್ಗೆ ಒಬ್ಬರೂ ಕೇಳಲಿಲ್ಲ. ಕಿಟ್ಟೆಲ್ ಯಾವ ಊರಿನವರು, ಆ ಊರು ಯಾವ ಜಿಲ್ಲೆ, ಅಲ್ಲಿ ಏನು ಬೆಳೆಯುತ್ತಾರೆ, ಮಳೆ ಹೇಗೆ ಅಂತ ಸಾಗರದಿಂದ ಕೊಪ್ಪದ ತನಕ ಪತ್ರಗಳು ಬಂದಿವೆ. ಹಾಗಾಗಿ ಈ ಸಲ ಅಂಕಣ ಪೂರ್ತಿ ಆ ಒಂದು ಜಿಲ್ಲೆಗೇ ಮೀಸಲು. ಅಡಿಕೆ ಕೊಳೆರೋಗದ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಕಿಟ್ಟೆಲ್ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಕಡೆಯವರು, ನಮ್ಮ ಹಾಗೇ ಕಾಡಿನ ಊರಿನವರು ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ನಿಜವೇ? (ಸಾಗರದ ಓದುಗರು)

ಮೇಷ್ಟ್ರನ್ನು ಬೈಯಬೇಡಿ, ಈ ತಪ್ಪು ಸುಲಭವಾಗಿ ಆಗುವಂಥದ್ದು. ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಪಾದ್ರಿಗಳಲ್ಲಿ ಜಾಸ್ತಿ ಜನ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು, ಬ್ಲ್ಯಾಕ್ ಫಾರೆಸ್ಟ್ ಇರುವುದು ಆ ಕಡೆಗೇ. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ತಂದ ಹರ್ಮನ್ ಮೋಗ್ಲಿಂಗ್ ಆ ಕಡೆಯವರೇ. ಕಿಟ್ಟೆಲ್ ಕೂಡ ಕೊನೆಗಾಲ ಕಳೆದದ್ದು, 1903ರಲ್ಲಿ ತೀರಿಕೊಂಡದ್ದು ಅಲ್ಲಿನ ಟ್ಯೂಬಿಂಗನ್ ಊರಿನಲ್ಲಿ. ಹಾಗಾಗಿ ಇವರೂ ಅಲ್ಲಿಯವರೇ ಇರಬೇಕು ಅಂತ ಅನ್ನಿಸುತ್ತದೆ.

ಆದರೆ ಅವರು 1832ರಲ್ಲಿ ಹುಟ್ಟಿದ್ದು ಇನ್ನೊಂದು ತುದಿಯಲ್ಲಿ. ಜರ್ಮನಿಯ ನಕ್ಷೆ ಬಿಡಿಸಿಕೊಳ್ಳಿ. ಎಡಗಡೆ ಮೇಲ್ಮೂಲೆಯಲ್ಲಿ, ನೆದರ್ಲೆಂಡ್ಸ್ ಪಕ್ಕದಲ್ಲಿ, ಉತ್ತರ ಸಮುದ್ರಕ್ಕೆ ಮೂಗು ಚಾಚಿದ ಒಂದು ನೆಲ ಕಾಣುತ್ತದೆ. ಅದು ಓಸ್ಟ್‌ಫ್ರೀಸ್‌ಲಾಂಡ್, ಅಂದರೆ ಪೂರ್ವ ಫ್ರೀಸಿಯಾ. ಅಲ್ಲಿ ಡೋರ್ನುಮ್ ಅನ್ನುವ ಊರಿನ ಹತ್ತಿರ ರೆಸ್ಟರ್‌ಹಾಫೆ ಅನ್ನುವ ಪುಟ್ಟ ಹಳ್ಳಿ. ಅಪ್ಪ ಅಲ್ಲಿನ ಚರ್ಚಿನ ಪಾದ್ರಿ. ಈಗ ಅದು ಔರಿಶ್ ಜಿಲ್ಲೆಗೆ ಸೇರಿದೆ.

ಕಾಡು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಗುಡ್ಡ ಅಂತೂ ಕೇಳಲೇಬೇಡಿ. ನಮ್ಮಲ್ಲಿ ದರೆ ಏರಿ ಮನೆಗೆ ಹೋಗುತ್ತೇವಲ್ಲ, ಅಂಥ ಒಂದು ದರೆ ಅಲ್ಲಿದ್ದರೆ ಅದಕ್ಕೊಂದು ಹೆಸರಿಟ್ಟು ಬೋರ್ಡು ಹಾಕಿಯಾರು. ಹಳೇ ಹಳ್ಳಿಗಳು ಕೂತಿರುವುದು ಜನರೇ ಮಣ್ಣು ಹೊತ್ತು ಹಾಕಿ ಎಬ್ಬಿಸಿದ ದಿಬ್ಬಗಳ ಮೇಲೆ. ಸಮುದ್ರಕ್ಕೆ ಕಟ್ಟೆ ಇಲ್ಲದ ಕಾಲದಲ್ಲಿ ನೀರು ಬಂದರೆ ದನ, ಕರು, ಮಕ್ಕಳು, ಎಲ್ಲರೂ ಆ ದಿಬ್ಬದ ಮೇಲೆ. ನಡುವೆ ಚರ್ಚು, ಸುತ್ತ ಮನೆ. ಕ್ರುಮ್‌ಹೋರ್ನ್ ಅನ್ನುವ ಭಾಗದಲ್ಲಿ ರೀಸುಮ್ ಅಂತ ಒಂದು ಹಳ್ಳಿ ಇದೆ, ಮೇಲಿಂದ ನೋಡಿದರೆ ಬೀಸುವ ಕಲ್ಲಿನ ಹಾಗೆ ದುಂಡಗೆ ಕಾಣುತ್ತದೆ.

ಪ್ರಶ್ನೆ: ಅಲ್ಲಿನ ಜಿಲ್ಲೆ ಅಂದರೆ ನಮ್ಮ ಜಿಲ್ಲೆಯಷ್ಟು ದೊಡ್ಡದಾ? ಅಲ್ಲೂ ಡಿಸಿ ಇರುತ್ತಾರಾ? (ಶಿವಮೊಗ್ಗ ವಿನೋಬನಗರದಿಂದ, ನಿವೃತ್ತ ಗುಮಾಸ್ತರು)

ಸರ್, ಕಚೇರಿ ಬಿಟ್ಟರೂ ಕಚೇರಿ ಬಿಡುವುದಿಲ್ಲ ಅಲ್ವಾ!

ಅಲ್ಲಿ ಜಿಲ್ಲೆಗೆ ಲಾಂಡ್‌ಕ್ರೈಸ್ ಅನ್ನುತ್ತಾರೆ. ಔರಿಶ್ ಜಿಲ್ಲೆಯ ವಿಸ್ತೀರ್ಣ ಸುಮಾರು 1,287 ಚದರ ಕಿ.ಮೀ. ನಮ್ಮ ಶಿವಮೊಗ್ಗ ಜಿಲ್ಲೆ ಸುಮಾರು 8,480. ಅಂದರೆ ನಮ್ಮ ಆರನೇ ಒಂದು ಪಾಲೂ ಇಲ್ಲ, ಒಂದು ತಾಲ್ಲೂಕು ಅಂದುಕೊಳ್ಳಿ. ಜನ ಸುಮಾರು 1.9 ಲಕ್ಷ. 2011ರ ಜನಗಣತಿಯಲ್ಲಿ ನಾವು 17.5 ಲಕ್ಷ ಇದ್ದೆವು.

ಡಿಸಿ ಜಾಗದಲ್ಲಿ ಇರುವವರು ಲಾಂಡ್‌ರಾಟ್. ದೊಡ್ಡ ವ್ಯತ್ಯಾಸ ಏನೆಂದರೆ ಇವರನ್ನು ಮೇಲಿನಿಂದ ಯಾರೂ ಹಾಕುವುದಿಲ್ಲ, ಜಿಲ್ಲೆಯ ಜನವೇ ನೇರವಾಗಿ ಓಟು ಹಾಕಿ ಆರಿಸುತ್ತಾರೆ. ಜೊತೆಗೆ ಜನ ಆರಿಸಿದ ಒಂದು ಜಿಲ್ಲಾ ಸಭೆ ಇರುತ್ತದೆ. ಗಾಡಿ ನೋಂದಣಿ, ಕಸ ವಿಲೇವಾರಿ, ಮನೆ ಕಟ್ಟಲು ಪರವಾನಗಿ, ಆಸ್ಪತ್ರೆ ಇಂಥವೆಲ್ಲ ಜಿಲ್ಲೆಯ ತಲೆಗೆ. ನಮ್ಮ ಡಿಸಿ ಕಚೇರಿ, ಜಿಲ್ಲಾ ಪಂಚಾಯ್ತಿ, ಆರ್‌ಟಿಒ ಮೂರನ್ನೂ ಒಂದೇ ಕಟ್ಟಡದಲ್ಲಿ ಕೂರಿಸಿದ ಹಾಗೆ. ಒಂದೇ ಕಡೆ ಎಲ್ಲ ಕೆಲಸ ಆಗುತ್ತದೆ ಅನ್ನುವುದು ಕೇಳಲು ಚೆನ್ನಾಗಿದೆ, ಆದರೆ ಜರ್ಮನರ ಫಾರಂಗಳ ಮುಂದೆ ನಮ್ಮ ಪಹಣಿ, ಪೋಡಿ ಎಲ್ಲ ಮಕ್ಕಳಾಟ ಅಂತ ಅಲ್ಲಿ ಇದ್ದು ಬಂದವರು ಹೇಳುತ್ತಾರೆ.

ಪ್ರಶ್ನೆ: ಈ ಜಿಲ್ಲೆ ಯಾವಾಗ ಆಯಿತು? ಹಿಂದೆ ಯಾವ ರಾಜರಿದ್ದರು? (ಇಕ್ಕೇರಿ ಹತ್ತಿರದಿಂದ ಕಾಲೇಜು ವಿದ್ಯಾರ್ಥಿನಿ)

ಕೆಳದಿ ನಾಯಕರ ನೆಲದವರು ರಾಜರ ವಿಷಯ ಕೇಳಲೇಬೇಕು. ಆದರೆ ಮಗಳೇ, ಈ ಸೀಮೆಯ ಹೆಮ್ಮೆ ರಾಜರಲ್ಲಿ ಇಲ್ಲ. ಮಧ್ಯಯುಗದಲ್ಲಿ ಯೂರೋಪಿನ ಉಳಿದ ಕಡೆ ರೈತರು ಜಮೀನ್ದಾರರ ಕೈಕೆಳಗೆ ಇದ್ದಾಗ ಫ್ರೀಸಿಯನ್ನರು ನಮಗೆ ಚಕ್ರವರ್ತಿ ಬಿಟ್ಟು ಬೇರೆ ಒಡೆಯರಿಲ್ಲ ಅಂತ ಕೂತಿದ್ದರು. ಔರಿಶ್ ಪಟ್ಟಣದ ಹತ್ತಿರ ಉಪ್‌ಸ್ಟಾಲ್ಸ್‌ಬೋಮ್ ಅಂತ ಒಂದು ಜಾಗ. ಬೇರೆ ಬೇರೆ ಫ್ರೀಸಿಯನ್ ಸೀಮೆಗಳ ಪ್ರತಿನಿಧಿಗಳು ಅಲ್ಲಿ ಸೇರಿ ಕಾನೂನು, ಜಗಳ, ಒಪ್ಪಂದ ಮಾತಾಡುತ್ತಿದ್ದರು. ಈಗ ಅಲ್ಲಿ 1833ರಲ್ಲಿ ಕಟ್ಟಿದ ಒಂದು ಕಲ್ಲಿನ ಪಿರಮಿಡ್ ಇದೆ.

ಆಮೇಲೆ ನಮ್ಮ ಪಾಳೇಗಾರರಂಥವರು ತಲೆ ಎತ್ತಿದರು. ಅವರಲ್ಲಿ ಚಿರ್ಕ್‌ಸೇನಾ ಮನೆತನ ಗೆದ್ದಿತು, 1464ರಲ್ಲಿ ಚಕ್ರವರ್ತಿಯಿಂದ ಕೌಂಟ್ ಪದವಿ ಪಡೆಯಿತು. 1561ರಿಂದ ಅವರ ಆಸ್ಥಾನ ಔರಿಶ್‌ನಲ್ಲಿ. 1744ರಲ್ಲಿ ಆ ವಂಶದಲ್ಲಿ ಗಂಡು ಸಂತಾನ ನಿಂತುಹೋಯಿತು. ಪ್ರಷ್ಯಾ ಅನ್ನುವ ಜರ್ಮನ್ ರಾಜ್ಯದ ರಾಜ ಫ್ರೆಡರಿಕ್ ತಡ ಮಾಡದೆ ಕಿತ್ತುಕೊಂಡ. ಮುಂದಿನದು ಬರೀ ಕೈ ಬದಲಾವಣೆ: ನೆಪೋಲಿಯನ್ ಕಾಲದಲ್ಲಿ ಮೊದಲು ಹಾಲೆಂಡ್, ಆಮೇಲೆ ಫ್ರಾನ್ಸ್; 1815ರಲ್ಲಿ ಹ್ಯಾನೋವರ್; 1866ರಲ್ಲಿ ಮತ್ತೆ ಪ್ರಷ್ಯಾ. ಒಬ್ಬ ಅಜ್ಜ ಮನೆ ಬಿಟ್ಟು ಕದಲದೇ ನಾಲ್ಕೈದು ದೇಶದ ಪ್ರಜೆ ಆಗಿಬಿಡಬಹುದಿತ್ತು.

ಜಿಲ್ಲೆ ಅಂತ ಆದದ್ದು 1885ರಲ್ಲಿ. ಇಲ್ಲೊಂದು ತಮಾಷೆ ಇದೆ. ಕಿಟ್ಟೆಲ್ ಹುಟ್ಟಿದಾಗ ಔರಿಶ್ ಜಿಲ್ಲೆಯೂ ಇರಲಿಲ್ಲ, ಜರ್ಮನಿ ಅನ್ನುವ ಒಂದು ದೇಶವೂ ಇರಲಿಲ್ಲ. ಅವರು ಹುಟ್ಟಿದ್ದು ಹ್ಯಾನೋವರ್ ರಾಜ್ಯದಲ್ಲಿ. ಅವರು 1853ರಲ್ಲಿ ಹಡಗಿನಿಂದ ನಮ್ಮ ನೆಲಕ್ಕೆ ಇಳಿದಾಗಲೂ ಪರಿಸ್ಥಿತಿ ಹಾಗೇ ಇತ್ತು. 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಅಚ್ಚಾಗುವ ಹೊತ್ತಿಗೆ ಊರಿನ ವಿಳಾಸವೇ ಬದಲಾಗಿತ್ತು. ಪರೀಕ್ಷೆಯಲ್ಲಿ ಕಿಟ್ಟೆಲ್ ಹುಟ್ಟಿದ ದೇಶ ಯಾವುದು ಅಂತ ಕೇಳಿದರೆ ಜರ್ಮನಿ ಅಂತಲೇ ಬರಿ, ಮೌಲ್ಯಮಾಪಕರ ಜೊತೆ ವಾದ ಬೇಡ.

ಈಗಿನ ಜಿಲ್ಲೆಯ ಗಡಿ ಬಂದದ್ದು 1977ರಲ್ಲಿ. ಪಕ್ಕದ ನೋರ್ಡನ್ ಜಿಲ್ಲೆಯನ್ನು ರದ್ದು ಮಾಡಿ ಔರಿಶ್‌ಗೆ ಸೇರಿಸಿದರು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಹೊನ್ನಾಳಿ, ಚನ್ನಗಿರಿ ನಮ್ಮ ಕೈಬಿಟ್ಟು ಹೋದವಲ್ಲ, ಇದು ಅದರ ತಿರುಗುಮುರುಗು. ಇವರಿಗೆ ನೋರ್ಡನ್ ಬಂತು, ನೋರ್ಡನ್‌ನವರಿಗೆ ಜಿಲ್ಲೆಯೇ ಹೋಯಿತು. ಪಕ್ಕದ ವಿಟ್‌ಮುಂಡ್ ಜಿಲ್ಲೆಯನ್ನೂ ಹೀಗೇ ಇನ್ನೊಂದರ ಜೊತೆ ಸೇರಿಸಿದ್ದರು, ಆದರೆ ವಿಷಯ ಕೋರ್ಟಿಗೆ ಹೋಗಿ 1980ರಲ್ಲಿ ಮತ್ತೆ ಬೇರೆ ಮಾಡಬೇಕಾಯಿತು. ನೋರ್ಡನ್‌ಗೆ ಜಿಲ್ಲೆ ವಾಪಸ್ ಸಿಗಲಿಲ್ಲ, ಗಾಡಿ ನಂಬರ್ ಮಾತ್ರ ಸಿಕ್ಕಿತು. ಜಿಲ್ಲೆಯ ಗಾಡಿಗಳಿಗೆ 'ಎಯುಆರ್' ಅಂತ ಇದ್ದರೂ ಈಗ ಬೇಕಾದವರು ಹಳೇ 'ಎನ್‌ಒಆರ್' ಹಾಕಿಸಿಕೊಳ್ಳಬಹುದು. ಜಿಲ್ಲೆ ಒಂದೇ ಆದರೂ ಕೆಎ 14 ಬೇರೆ, ಕೆಎ 15 ಬೇರೆ ಅನ್ನುವ ಸಾಗರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ಗುಡ್ಡ ಇಲ್ಲ, ಸಮುದ್ರ ಪಕ್ಕದಲ್ಲೇ. ಹಾಗಾದರೆ ಊರು ಮುಳುಗುವುದಿಲ್ಲವೇ? (ಹೊಸನಗರದ ಓದುಗರು. "ನಮ್ಮ ಹಳೇ ಮನೆ ಲಿಂಗನಮಕ್ಕಿ ನೀರಿನ ಅಡಿಯಲ್ಲಿದೆ" ಅಂತಲೂ ಬರೆದಿದ್ದಾರೆ)

ಪತ್ರಗಳಲ್ಲೆಲ್ಲ ಒಳ್ಳೇ ಪ್ರಶ್ನೆ ಇದೇ. ಮುಳುಗಿದೆ, ಒಂದಲ್ಲ ಹತ್ತಾರು ಸಲ. 1717ರ ಕ್ರಿಸ್‌ಮಸ್ ರಾತ್ರಿ ಬಿರುಗಾಳಿಯ ಜೊತೆ ಸಮುದ್ರ ಒಳಗೆ ನುಗ್ಗಿ ಉತ್ತರ ಸಮುದ್ರದ ಕರಾವಳಿಯುದ್ದಕ್ಕೂ 10 ಸಾವಿರಕ್ಕೂ ಜಾಸ್ತಿ ಜನ ಸತ್ತರು, ಈ ಸೀಮೆಯೇ ಸಾವಿರಗಟ್ಟಲೆ ಜನರನ್ನು ಕಳೆದುಕೊಂಡಿತು.

ಉಳಿದಿರುವುದು ಕಟ್ಟೆಯಿಂದ. ಕರಾವಳಿಯುದ್ದಕ್ಕೂ ಮಣ್ಣಿನ ಏರಿ, ಹುಲ್ಲು ಹೊದ್ದುಕೊಂಡು ಮಲಗಿದೆ. ನಮ್ಮ ಕೆರೆ ಏರಿಯನ್ನೇ ಮೂರು ಪಟ್ಟು ಎತ್ತರಿಸಿ, ಕೊನೆ ಕಾಣದಷ್ಟು ಉದ್ದ ಎಳೆದ ಹಾಗೆ. ಅದರ ಮೇಲೆ ಕುರಿ ಬಿಟ್ಟಿರುತ್ತಾರೆ. ಕುರಿ ಹುಲ್ಲನ್ನು ಗಿಡ್ಡಕ್ಕೆ ಮೇಯುತ್ತದೆ, ಕಾಲಿನಿಂದ ಮಣ್ಣನ್ನು ತುಳಿದು ಗಟ್ಟಿ ಮಾಡುತ್ತದೆ. ದನ ಬಿಟ್ಟರೆ ಭಾರಕ್ಕೆ ಏರಿ ಕುಸಿಯುತ್ತದೆ, ಅದಕ್ಕೇ ಕುರಿಯೇ ಆಗಬೇಕು.

ಹಿಂದಿನ ಕಾಲದಲ್ಲಿ ಪ್ರತಿ ರೈತನಿಗೂ ಏರಿಯ ಇಷ್ಟುದ್ದ ನಿನ್ನದು ಅಂತ ಹಂಚಿರುತ್ತಿದ್ದರು. ಆ ತುಂಡನ್ನು ರಿಪೇರಿ ಮಾಡುವುದು ಅವನ ಹೊಣೆ. ಬೇಲಿ ಹರಿದರೆ ದನ ನುಗ್ಗುತ್ತದೆ, ಒಬ್ಬನಿಗೆ ನಷ್ಟ. ಇಲ್ಲಿ ಒಬ್ಬ ಸೋಮಾರಿಯಾದರೆ ಸೀಮೆಯೇ ಹೋಯಿತು. ಹಾಗಾಗಿ ಕಾನೂನು ಬಹಳ ಕಠಿಣ. ಕೈಲಾಗದ ರೈತ ತನ್ನ ಪಾಲಿನ ಏರಿಯಲ್ಲಿ ಸಲಿಕೆ ನೆಟ್ಟು ಹೊರಡಬೇಕು. ಆ ಸಲಿಕೆಯನ್ನು ಯಾರು ಕಿತ್ತುಕೊಳ್ಳುತ್ತಾರೋ ಅವನ ಹೊಲ ಮನೆ ಅವರಿಗೆ, ಜೊತೆಗೆ ಏರಿಯ ಹೊಣೆಯೂ ಅವರಿಗೆ. ಇದಕ್ಕೆ ಸಲಿಕೆ ಹಕ್ಕು ಅಂತಲೇ ಹೆಸರು. ಏರಿ ಕಟ್ಟದವನು ಊರು ಬಿಡಲಿ ಅಂತ ಗಾದೆ ಕೂಡ ಇದೆ. ಒಂದು ಸಲ ಕಣ್ಣು ಮುಚ್ಚಿ ನೆನೆಸಿಕೊಳ್ಳಿ: ನವೆಂಬರ್ ಚಳಿ, ಗಾಳಿ, ಹೆಂಡತಿ ಮಕ್ಕಳು ಗಾಡಿಯಲ್ಲಿ ಕೂತಿದ್ದಾರೆ, ಅಪ್ಪ ಏರಿ ಹತ್ತಿ ಸಲಿಕೆ ನೆಡುತ್ತಿದ್ದಾನೆ. ಪರಿಹಾರವಿಲ್ಲ, ಬದಲಿ ಜಮೀನಿಲ್ಲ. ಹೊಸನಗರದವರೇ, ಮುಳುಗಡೆ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾ.

ಸಮುದ್ರವನ್ನು ತಡೆದರೆ ಮುಗಿಯಲಿಲ್ಲ. ಒಳಗೆ ಬಿದ್ದ ಮಳೆ ನೀರು ಹೊರಗೆ ಹೋಗಬೇಕಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೇಲೆ ಸುರಿಯುತ್ತದೆ, ಅಲ್ಲಿ ಸುಮಾರು 800. ಆದರೆ ನಮ್ಮ ನೀರು ಇಳಿಜಾರು ಸಿಕ್ಕರೆ ತಾನೇ ಓಡುತ್ತದೆ, ಅಲ್ಲಿನ ನೀರಿಗೆ ಓಡಲು ದಾರಿಯೇ ಇಲ್ಲ. ಕ್ರುಮ್‌ಹೋರ್ನ್‌ನ ಫ್ರೆಪ್ಸುಮ್ ಹತ್ತಿರ ಬತ್ತಿಸಿದ ಒಂದು ಕೆರೆಯ ತಳ ಸಮುದ್ರಮಟ್ಟಕ್ಕಿಂತ ಎರಡು ಮೀಟರ್‌ಗೂ ಕೆಳಗಿದೆ. ಅದಕ್ಕೆ ಏರಿಯಲ್ಲಿ ಅಲ್ಲಲ್ಲಿ ತೂಬು ಇಟ್ಟಿದ್ದಾರೆ, ಅವರ ಭಾಷೆಯಲ್ಲಿ 'ಸೀಲ್'. ಸಮುದ್ರ ಇಳಿದಾಗ ಬಾಗಿಲು ತೆರೆದು ಒಳಗಿನ ನೀರು ಹೊರಗೆ, ಸಮುದ್ರ ಏರಿದಾಗ ಬಾಗಿಲು ಬಂದ್. ಗ್ರೇಟ್‌ಸೀಲ್, ಡೋರ್ನುಮರ್‌ಸೀಲ್ ಅಂತ ಊರಿನ ಹೆಸರುಗಳೇ ತೂಬಿನಿಂದ ಬಂದವು. ಈಗ ದೊಡ್ಡ ಪಂಪುಗಳೂ ಇವೆ. ಪಂಪು ನಿಂತರೆ ಏರಿ ಗಟ್ಟಿಯಾಗಿದ್ದರೂ ಊರು ಒಳಗಿನಿಂದ ಮುಳುಗುತ್ತದೆ.

ಪ್ರಶ್ನೆ: ಅಲ್ಲಿ ತೋಟ, ಗದ್ದೆ ಇದೆಯಾ? (ತೀರ್ಥಹಳ್ಳಿ ಕಡೆಯ ಕೃಷಿಕರು)

ಸಮುದ್ರದ ಪಕ್ಕ ಮೆಕ್ಕಲು ಮಣ್ಣು, ಬಂಗಾರದಂಥದ್ದು. ಗೋಧಿ, ಹುಲ್ಲು, ಕಪ್ಪು ಬಿಳಿ ಮಚ್ಚೆಯ ಹಾಲಿನ ದನ. ಒಳಗೆ ಹೋದಷ್ಟೂ ಮರಳು, ಆಮೇಲೆ ಜೌಗು. ಈ ಜೌಗಿನ ಕಥೆಯೇ ಬೇರೆ.

ಸಾವಿರಾರು ವರ್ಷ ಪಾಚಿ ಸತ್ತು, ಕೊಳೆಯದೆ ಒಂದರ ಮೇಲೊಂದು ಕೂತು ಮೀಟರ್‌ಗಟ್ಟಲೆ ದಪ್ಪ ಆಗಿರುತ್ತದೆ. ಒಣಗಿಸಿದರೆ ಬೆರಣಿಯಂತೆ ಉರಿಯುತ್ತದೆ. ಸೌದೆ ಇಲ್ಲದ ಸೀಮೆಗೆ ಅದೇ ಸೌದೆ. 1633ರಲ್ಲಿ ಎಮ್ಡನ್ ಪಟ್ಟಣದ ವರ್ತಕರು ಗ್ರೋಸೆಫೇನ್ ಅನ್ನುವಲ್ಲಿ ಇದನ್ನು ತೆಗೆಯಲು ಶುರು ಮಾಡಿದರು. ಹೇಗೆ? ನಿಮ್ಮ ಅಡಿಕೆ ತೋಟದ ಬಸಿಗಾಲುವೆ ನೆನೆಸಿಕೊಳ್ಳಿ. ಮೊದಲು ನಡುವೆ ಒಂದು ದೊಡ್ಡ ಕಾಲುವೆ, ಆಮೇಲೆ ಅದಕ್ಕೆ ಅಡ್ಡ ಕಾಲುವೆಗಳು. ನೀರು ಬಸಿಯಿತು, ಪಕ್ಕದ ಜೌಗನ್ನು ಇಟ್ಟಿಗೆಯಂತೆ ಕತ್ತರಿಸಿ ಒಣಗಿಸಿ ಅದೇ ಕಾಲುವೆಯಲ್ಲಿ ದೋಣಿಗೆ ಹಾಕಿ ಪಟ್ಟಣಕ್ಕೆ ಸಾಗಿಸಿದರು. ಬರುವಾಗ ದೋಣಿ ಖಾಲಿ ಬರುತ್ತಿರಲಿಲ್ಲ, ಪಟ್ಟಣದ ಗೊಬ್ಬರ ತುಂಬಿ ತಂದು ಕಿತ್ತ ಜಾಗಕ್ಕೆ ಹಾಕಿದರು. ಕಾಲುವೆಯ ಎರಡೂ ಬದಿ ಮನೆ, ಕಾಲುವೆಗೆ ಎತ್ತಿ ಇಳಿಸುವ ಬಿಳಿ ಸೇತುವೆ. ಊರು ಕಿಲೋಮೀಟರ್‌ಗಟ್ಟಲೆ ಉದ್ದ, ಆದರೆ ಅಗಲ ಎರಡೇ ಮನೆ!

ದುಡ್ಡಿಲ್ಲದವರ ದಾರಿ ಇನ್ನೊಂದಿತ್ತು. ಫ್ರೆಡರಿಕ್ 1765ರಲ್ಲಿ ಪಾಳುಬಿದ್ದ ಜೌಗೆಲ್ಲ ಸರ್ಕಾರದ್ದು, ಬಂದು ಸಾಗುವಳಿ ಮಾಡಿ ಅಂತ ಆಜ್ಞೆ ಹೊರಡಿಸಿದ. ಬಡವರು ಬಂದರು. ಜೌಗಿನ ಮೇಲ್ಪದರಕ್ಕೆ ಬೆಂಕಿ ಹಾಕಿ, ಬೂದಿಯಲ್ಲಿ ಬಕ್‌ವೀಟ್ ಅನ್ನುವ ಧಾನ್ಯ ಬಿತ್ತಿದರು. ನಮ್ಮ ಹಿರಿಯರ ಕುಮರಿ ಬೇಸಾಯ ಹೇಗೋ ಹಾಗೆ. ಆದರೆ ಕುಮರಿಯವರಿಗೆ ಮುಂದೆ ಹೋಗಲು ಇನ್ನೊಂದು ಕಾಡಿತ್ತು. ಇವರು ಅದೇ ತುಂಡಿನಲ್ಲಿ ಸಿಕ್ಕಿಬಿದ್ದರು, ಕೆಲವೇ ವರ್ಷದಲ್ಲಿ ಮಣ್ಣಿನ ಸಾರ ಮುಗಿಯಿತು. ಮೊದಲನೆಯವನಿಗೆ ಸಾವು, ಎರಡನೆಯವನಿಗೆ ಪಾಡು, ಮೂರನೆಯವನಿಗೆ ರೊಟ್ಟಿ ಅಂತ ಅವರಲ್ಲಿ ಮಾತು ಹುಟ್ಟಿದ್ದು ಆಗ. ಬಗರ್‌ಹುಕುಂ ಅರ್ಜಿ ಹಿಡಿದು ಮೂರು ತಲೆಮಾರು ಅಲೆದ ಮನೆಗಳು ನಮ್ಮಲ್ಲೂ ಇವೆ ಬಿಡಿ.

ನೀರು ಬಸಿದರೆ ನಷ್ಟವೂ ಇದೆ. ಸೂರ್‌ಹೂಸನ್ ಅನ್ನುವ ಹಳ್ಳಿಯಲ್ಲಿ ಒಂದು ಚರ್ಚಿನ ಗೋಪುರ ಪೀಸಾ ಗೋಪುರಕ್ಕಿಂತ ಜಾಸ್ತಿ ವಾಲಿದೆ, 5.19 ಡಿಗ್ರಿ. 2007ರಲ್ಲಿ ಗಿನ್ನೆಸ್ ದಾಖಲೆಯಾಯಿತು. ಗೋಪುರದ ಬುಡಕ್ಕೆ ಓಕ್ ಮರದ ದಿಮ್ಮಿ ಹಾಕಿದ್ದರು. ನೆಲ ಒದ್ದೆ ಇರುವ ತನಕ ಅವು ಕಬ್ಬಿಣದ ಹಾಗೆ ಇದ್ದವು. ಸುತ್ತಲಿನ ನೀರು ಬಸಿದ ಮೇಲೆ ಗಾಳಿ ತಾಗಿ ಕೊಳೆತವು, ಗೋಪುರ ಕೂತಿತು. ನೀರೊಳಗಿನ ಮರ ಕೆಡುವುದಿಲ್ಲ ಅನ್ನುವುದಕ್ಕೆ ಶರಾವತಿ ಹಿನ್ನೀರಿನಲ್ಲಿ ನೀರು ಇಳಿದಾಗ ಕಾಣುವ ಮರದ ಮೋಟುಗಳೇ ಸಾಕ್ಷಿ.

ಪ್ರಶ್ನೆ: ಜರ್ಮನರು ಕಾಫಿ, ಬಿಯರ್ ಜನ ಅಲ್ಲವೇ? ಅಲ್ಲಿ ಟೀ ಜಾಸ್ತಿ ಅಂತ ಓದಿದೆ. (ಕೊಪ್ಪದ ಕಾಫಿ ಬೆಳೆಗಾರರು, ಸ್ವಲ್ಪ ಬೇಸರದಿಂದ)

ಬೇಸರ ಬೇಡ, ಉಳಿದ ಜರ್ಮನಿ ನಿಮ್ಮದೇ. ಆದರೆ ಈ ಮೂಲೆಯಲ್ಲಿ ಒಬ್ಬೊಬ್ಬರು ವರ್ಷಕ್ಕೆ ಸುಮಾರು 300 ಲೀಟರ್ ಟೀ ಕುಡಿಯುತ್ತಾರೆ. ಪುಡಿ ಹೆಚ್ಚಾಗಿ ನಮ್ಮ ಅಸ್ಸಾಮಿನದು, ಕಡುಗೆಂಪು.

ನಮ್ಮ ಅಕ್ಕನ ಮಗ ಕೆಲಸದ ಮೇಲೆ ಎರಡು ವರ್ಷ ಔರಿಶ್‌ನಲ್ಲಿದ್ದ, ಗಾಳಿಯಂತ್ರದ ಕಡೆ. ದೊಡ್ಡ ಗಾಳಿಯಂತ್ರ ಕಂಪನಿ ಎನರ್ಕಾನ್ ಶುರುವಾದದ್ದು ಆ ಊರಿನಲ್ಲೇ, 1984ರಲ್ಲಿ. ಮೊದಲ ವಾರ ಮನೆ ಓನರ್ ಅಜ್ಜಿ ಟೀಗೆ ಕರೆದರಂತೆ. ಪುಟ್ಟ ಪಿಂಗಾಣಿ ಬಟ್ಟಲು, ತಳದಲ್ಲಿ ದಪ್ಪ ಕಲ್ಲುಸಕ್ಕರೆ. ಬಿಸಿ ಟೀ ಬಿದ್ದಾಗ ಅದು ಚಟಚಟ ಅಂತ ಬಿರಿಯುತ್ತದೆ, ಆ ಸದ್ದಿಗೆ ಎಲ್ಲರೂ ಸುಮ್ಮನೆ ಕಿವಿಗೊಡುತ್ತಾರೆ. ಆಮೇಲೆ ಅಂಚಿನಿಂದ ಒಂದು ಚಮಚ ಕೆನೆ. ಅದು ಕೆಳಗಿಳಿದು ಮೋಡದ ಹಾಗೆ ಅರಳಿ ಮೇಲೆ ಬರುತ್ತದೆ. ಕಲಕಬಾರದು. ಮೊದಲು ಕೆನೆ, ಆಮೇಲೆ ಕಹಿ, ಕೊನೆಗೆ ಸಿಹಿ. ನಮ್ಮವನು ಅಭ್ಯಾಸದಂತೆ ಗರಗರ ಕಲಕಿದ. ಅಜ್ಜಿ ಏನೂ ಅನ್ನಲಿಲ್ಲವಂತೆ, ಮುಖ ಮಾತ್ರ ಮಜ್ಜಿಗೆಯಂತಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಮೂರು ಬಟ್ಟಲು ಕುಡಿಯುವುದು ಅಲ್ಲಿನ ಪದ್ಧತಿ. ಸಾಕು ಅಂದರೆ ಚಮಚವನ್ನು ಬಟ್ಟಲಿನೊಳಗೆ ಇಡಬೇಕು, ಇಲ್ಲದಿದ್ದರೆ ಹಾಕುತ್ತಲೇ ಇರುತ್ತಾರೆ. ಇವನಿಗೆ ಗೊತ್ತಿಲ್ಲ, ಹಿರಿಯರು ಹಾಕಿದ್ದನ್ನು ಬೇಡ ಅನ್ನಬಾರದು ಅಂತ ನಮ್ಮಕ್ಕ ಕಲಿಸಿದ್ದಾಳೆ. ಏಳನೇ ಬಟ್ಟಲಿಗೆ ಅಜ್ಜಿಯೇ ಕನಿಕರಪಟ್ಟು ಅವನ ಚಮಚ ಎತ್ತಿ ಬಟ್ಟಲಿನಲ್ಲಿ ಇಟ್ಟರಂತೆ. ಎಲೆ ಮಡಚದೆ ಕೂತ ಭಾವಯ್ಯನಿಗೆ ಬಡಿಸುತ್ತಲೇ ಇದ್ದ ಹಾಗೆ.

ಪ್ರಶ್ನೆ: ಜರ್ಮನಿಯಲ್ಲಿ ಓದುತ್ತಿರುವ ಮಗಳ ಹತ್ತಿರ ಹೋಗುತ್ತಿದ್ದೇವೆ. ಕಿಟ್ಟೆಲ್ ಊರು ನೋಡಬಹುದಾ? (ಭದ್ರಾವತಿಯ ದಂಪತಿ)

ಖಂಡಿತ ಹೋಗಿ ಬನ್ನಿ. ಔರಿಶ್ ಜಿಲ್ಲಾ ಕೇಂದ್ರವೇ ಆದರೂ ಅಲ್ಲಿಗೆ ಜನರ ರೈಲಿಲ್ಲ, 1967ರಲ್ಲೇ ನಿಂತಿತು, ಈಗ ಸರಕಿನ ಗಾಡಿ ಮಾತ್ರ. ತೀರ್ಥಹಳ್ಳಿಯವರು ಒಬ್ಬರೇ ಅಲ್ಲ ಅಂತ ಸಮಾಧಾನ ಮಾಡಿಕೊಳ್ಳಲಿ. ನೀವು ನೋರ್ಡನ್‌ಗೆ ಟಿಕೆಟ್ ತೆಗೆಯಿರಿ. ಅದೇ ರೈಲು ಮುಂದೆ ನೋರ್ಡ್‌ಡೈಶ್ ಬಂದರಿನ ತನಕ ಹೋಗುತ್ತದೆ, ಇಳಿದರೆ ಎದುರಿಗೇ ನೋರ್ಡರ್ನೈ, ಯೂಸ್ಟ್ ದ್ವೀಪಗಳಿಗೆ ಹಡಗು. ಇವೆರಡೂ, ಬಾಲ್ಟ್ರುಮ್ ದ್ವೀಪವೂ ಇದೇ ಜಿಲ್ಲೆಗೆ ಸೇರಿವೆ. ಯೂಸ್ಟ್, ಬಾಲ್ಟ್ರುಮ್‌ನಲ್ಲಿ ಕಾರು ಬಿಡುವುದಿಲ್ಲ, ಕುದುರೆ ಗಾಡಿ. ಯೂಸ್ಟ್ ಹಡಗು ಸಮುದ್ರದ ಏರಿಳಿತ ನೋಡಿ ಹೊರಡುತ್ತದೆ, ಹಾಗಾಗಿ ದಿನಾ ಒಂದೊಂದು ಹೊತ್ತು. ನೀರು ಇಳಿದಾಗ ಕೆಸರಿನ ಸಮುದ್ರತಳದಲ್ಲಿ ಬರಿಗಾಲಲ್ಲಿ ನಡೆಯಬಹುದು, ಗೈಡ್ ಇಲ್ಲದೆ ಮಾತ್ರ ಇಳಿಯಬೇಡಿ. ನೀರು ಹಿಂದಿನಿಂದ ತುಂಬಿಕೊಂಡು ಬರುತ್ತದೆ. ಆ ಕೆಸರು ಬಯಲು 2009ರಿಂದ ವಿಶ್ವ ಪರಂಪರೆಯ ತಾಣ.

ಕಿಟ್ಟೆಲ್ ಊರಿಗೆ ನೋರ್ಡನ್‌ನಿಂದ ಡೋರ್ನುಮ್ ಕಡೆ ಹೋಗಬೇಕು. ಬೇಸಿಗೆಯ ಭಾನುವಾರ ಆಗಿದ್ದರೆ ಉತ್ಸಾಹಿಗಳು ನಡೆಸುವ ಒಂದು ಹಳೇ ರೈಲು ನೋರ್ಡನ್‌ನಿಂದ ಡೋರ್ನುಮ್‌ಗೆ ಹೊರಡುತ್ತದೆ. ಎಡಗಡೆ ಕಿಟಕಿ ಹಿಡಿಯಿರಿ, ಸಮುದ್ರ ಆ ಕಡೆಗೇ ಇದೆ. ಕಾಣುತ್ತದೆ ಅಂತ ಕಾಯಬೇಡಿ, ಏರಿ ಅಡ್ಡ ಇರುತ್ತದೆ.